ಹೆರಿಗೆಗೆ ಮುಂಚಿನ ಬಾಣಂತನ

ಕೆ.ಆರ್. ಪೇಟೆಯ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ವಾರಕ್ಕೆ ಎರಡು ದಿನ ಕೂತು ನಾನು ಜನರಿಗೆ ಪಥ್ಯ ಹೇಳುತ್ತಿದ್ದೆ. ಉಳಿದ ದಿನ ಪಾಂಡವಪುರ, ಮನೆ ಶ್ರೀರಂಗಪಟ್ಟಣ. ಆ ಕೋಣೆಯ ಮೆಟ್ಟಿಲು ಬಲು ಕಡಿದು. “ನಿಮ್ ತಾವ ಬರೋರು ಅತ್ತಿ ಇಳಿಯೋದ್ರಲ್ಲೇ ಅರ್ಧ ಕರ್ಗೋಯ್ತಾರೆ, ಇನ್ನರ್ಧಕ್ಕೆ ನೀವ್ಯಾಕೆ ಫೀಸು ತಗೋತೀರಿ?” ಎಂದು ಅಂಗಡಿಯವರು ಕಾಲೆಳೆಯುತ್ತಿದ್ದರು. ಪಕ್ಕದಲ್ಲೇ ಒಂದು ಹೋಟೆಲು. ಬೆಳಿಗ್ಗೆ ನಾನು “ಎಣ್ಣೆ ಕಡಿಮೆ ಮಾಡಿ” ಎಂದು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಬೋಂಡ ಬಾಣಲೆಗೆ ಬೀಳುತ್ತಿತ್ತು. ಈಗ ಕೋಣೆಯೂ ಇಲ್ಲ, ಹೋಟೆಲೂ ಇಲ್ಲ. ಕಟ್ಟಡ ಒಡೆದು ಮೊಬೈಲ್ ಅಂಗಡಿಗಳ ಸಾಲು ಕಟ್ಟಿದ್ದಾರೆ. ಬಸ್ಸು ಅಲ್ಲಿ ತಿರುಗುವಾಗ ಇವತ್ತಿಗೂ ಕತ್ತೆತ್ತಿ ನೋಡುತ್ತೇನೆ. ಆ ಬೋಂಡದ ವಾಸನೆ ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ ಎಂದರೆ ನನ್ನ ಕಸುಬಿನವರು ನಗುತ್ತಾರೆ. ನಗಲಿ.

ಅಕ್ಕಿಹೆಬ್ಬಾಳಿನ ಅಕ್ಕ ಆ ಮೆಟ್ಟಿಲು ಹತ್ತಿ ಬಂದದ್ದು ಅವರೆಕಾಯಿ ಕಾಲದಲ್ಲಿ. ನಲವತ್ತು ದಾಟಿದವಳು, ಕುಳ್ಳಗೆ, ದುಂಡಗೆ. ಎದುರಿಗೆ ‘ನೀವು’ ಎನ್ನುತ್ತಿದ್ದೆ, ಆದರೆ ಒಮ್ಮೆ ಅಕ್ಕ ಎಂದು ಕರೆದವರನ್ನು ಬಹುವಚನದಲ್ಲಿ ಬರೆಯಲು ನನಗೆ ಬರುವುದಿಲ್ಲ. ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡು, ಏದುಸಿರು ಬಿಡುತ್ತಲೇ ಮಾತು ಶುರು ಮಾಡಿದಳು.

“ಮೇಡಂ, ನಾನು ಎಪ್ಪತ್ತು ಕೇಜಿ ಒಳೀಕೆ ಬರ್ಬೇಕು. ಎಂಗಾದ್ರೂ ಮಾಡಿ.”

“ಮಂಡಿ ನೋವಾ ಅಕ್ಕ?”

“ಮನೇಲಿ ಅಂಗೇ ಯೋಳಿವ್ನಿ. ನಿಜ ಯೋಳ್ಬೇಕು ಅಂದ್ರೆ, ನಮ್ ತಮ್ಮಂಗೆ ಕಿಡ್ನಿ ಕೊಡ್ಬೇಕು.”

ತಮ್ಮ ಬಿಂಡಿಗನವಿಲೆಯವನು. ಕುರಿ ಸಾಕಿಕೊಂಡು, ಹೊಲ ಮಾಡಿಕೊಂಡು ಇದ್ದ ಗಟ್ಟಿ ಆಳು. ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ತಾಯಿಗೆ ಸಕ್ಕರೆ ಕಾಯಿಲೆ, ಆಕೆ ಕೊಡುವಂತಿಲ್ಲ. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನದು ಎಲ್ಲವೂ ಹೊಂದಿತ್ತು. ಮೈಸೂರಿನ ಆಸ್ಪತ್ರೆಯ ವೈದ್ಯರು ಪರೀಕ್ಷೆಗಳನ್ನೆಲ್ಲ ಮುಗಿಸಿ ಒಂದೇ ಒಂದಕ್ಕೆ ತಡೆದಿದ್ದರು, ಅದು ತೂಕ. ಕೊಟ್ಟ ಮೇಲೆ ಉಳಿಯುವ ಒಂದು ಕಿಡ್ನಿ ಅಷ್ಟು ದೊಡ್ಡ ಮೈಯನ್ನು ಜೀವನಪೂರ್ತಿ ಹೊರಬೇಕು, ಹಾಗಾಗಿ ಎಪ್ಪತ್ತರ ಒಳಗೆ ಬನ್ನಿ ಎಂದಿದ್ದರು. ತಮ್ಮನ ಹೃದಯ ದಣಿಯುತ್ತಿದೆ, ಬಹಳ ತಡ ಮಾಡಬೇಡಿ ಎಂದೂ ಹೇಳಿದ್ದರು. ಈ ಕಡೆ ಅವಸರ, ಆ ಕಡೆ ನಿಧಾನವಾಗಿ ಮಾತ್ರ ಆಗುವ ಕೆಲಸ.

ಅವತ್ತು ಅವಳ ತೂಕ ಎಂಬತ್ತೆರಡು.

ನನ್ನ ಪದ್ಧತಿ ಸರಳ. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಮೂತ್ರ ಮಾಡಿ ಬರಬೇಕು, ಪ್ರತಿ ಸಲವೂ ಅದೇ ಸೀರೆ ಉಡಬೇಕು. ಅಕ್ಕ ಹಸಿರು ವಾಯಿಲ್ ಸೀರೆಯೊಂದನ್ನು ‘ತೂಕದ ಸೀರೆ’ ಎಂದೇ ಎತ್ತಿಟ್ಟಳು. ಆಮೇಲೆ ಟೇಪು ಹಿಡಿದು ಸೊಂಟದ ಸುತ್ತಳತೆ. ಎಣ್ಣೆ ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ; ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ ಎಂದು ಕೇಳಿ ತಲೆಗಿಷ್ಟು ಎಂದು ಹಂಚಿಬಿಡುತ್ತಿದ್ದೆ. ಮುದ್ದೆಯದು ಇನ್ನೊಂದು ರಾಮಾಯಣ. ನಮ್ಮ ಕಡೆ ಒಬ್ಬೊಬ್ಬರ ಕೈಗೆ ಒಂದೊಂದು ಅಳತೆಯ ಮುದ್ದೆ. ಅಡುಗೆಮನೆ ತಕ್ಕಡಿ ಕೊಟ್ಟು ಕಳಿಸಿ, ಮನೆಯಲ್ಲಿ ಕಟ್ಟಿದ ಮುದ್ದೆಯನ್ನು ತೂಗಿ ಬರಲು ಹೇಳಿದೆ. ಬಂದ ಅಂಕಿ ನೋಡಿ ನಾನು ಕಣ್ಣು ಬಿಟ್ಟೆ. ಅಕ್ಕ ನಾಚಿಕೊಂಡು ಹೇಳಿದಳು, “ನಮ್ಮತ್ತೆ ಕಟ್ಟೋದು ಮೇಡಂ. ಚಿಕ್ ಮುದ್ದೆ ಕಟ್ಟುದ್ರೆ ಮನೆಗೆ ದರಿದ್ರ ಅಂತಾರೆ.”

ಮುದ್ದೆ ಸಣ್ಣದಾಯಿತು, ಕಾಫಿಯ ಸಕ್ಕರೆ ಹೋಯಿತು, ಹಿತಕವರೆ ಸಾರಿನ ತೆಂಗಿನಕಾಯಿ ಅರ್ಧಕ್ಕೆ ಇಳಿಯಿತು. ಸಂಜೆ ನಾಲೆ ಏರಿ ಮೇಲೆ ಒಂದು ಗಂಟೆ ಬಿರುಸಾಗಿ ನಡಿಗೆ. ಅಕ್ಕ ಒಂದು ಮಾತು ಮೀರಲಿಲ್ಲ. ತೂಕವೂ ಹೇಳಿದ ಮಾತು ಕೇಳಿತು. ಯುಗಾದಿ ಹೊತ್ತಿಗೆ ಎಪ್ಪತ್ತೈದಕ್ಕೆ ಬಂದಿದ್ದಳು. ಹಬ್ಬದ ಒಬ್ಬಟ್ಟನ್ನು ಮೂಸಿ ನೋಡಿ ಪಕ್ಕದ ಮನೆಗೆ ಕೊಟ್ಟೆ ಎಂದು ಹೇಳಿದಾಗ ನಾನು, ಜನ್ಮದಲ್ಲಿ ಯಾರಿಗೂ ಒಬ್ಬಟ್ಟು ತಿನ್ನಿ ಎನ್ನದವಳು, “ಒಂದು ಚೂರು ಬಾಯಿಗೆ ಹಾಕಿಕೊಳ್ಳಬಾರದಿತ್ತಾ ಅಕ್ಕ” ಎಂದುಬಿಟ್ಟೆ.

ಆ ಹಬ್ಬದಲ್ಲೇ ಮನೆಯಲ್ಲಿ ಗುಟ್ಟು ರಟ್ಟಾಯಿತು. ಸೊಸೆ ಸೊರಗುತ್ತಿರುವುದನ್ನು ನೋಡಿ ಅತ್ತೆಗೆ ಏನೋ ದೊಡ್ಡ ಕಾಯಿಲೆ ಎಂಬ ಭಯ ಹತ್ತಿ, ದೇವರ ಮುಂದೆ ಕೂತು ಅಳಲು ಶುರು ಮಾಡಿದರಂತೆ. ಆಗ ಗಂಡ ನಿಜ ಹೇಳಿದ. ಅವನಿಗೆ ಮೊದಲಿಂದಲೂ ಗೊತ್ತಿತ್ತು, ಒಪ್ಪಿಗೆಯೂ ಇತ್ತು. ತಾಯಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದ. ಮುದುಕಿ ಮನೆ ಎರಡು ಮಾಡುತ್ತಾರೆ ಎಂದುಕೊಂಡಿದ್ದರು ಇಬ್ಬರೂ. ಮುದುಕಿ ಮಾಡಿದ್ದೇನು? ಸೊಸೆಯನ್ನು ತಬ್ಬಿಕೊಂಡು, “ಒಡಹುಟ್ಟಿದೋನ್ಗೆ ಜೀವ ಕೊಡೋಳು ನಮ್ಮನೇಲವ್ಳೆ ಅಂತ ನಂಗ್ಯಾಕೆ ಯೋಳ್ಲಿಲ್ಲ?” ಎಂದು ಇನ್ನಷ್ಟು ಅತ್ತರಂತೆ. ಅಕ್ಕ ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ನನಗೂ ಎದೆ ತುಂಬಿ ಬಂತು. ಇನ್ನೇನು, ಮನೆಯ ಬಲವೂ ಸಿಕ್ಕಿತು, ಉಳಿದ ಐದು ಕೇಜಿ ನೀರು ಕುಡಿದಷ್ಟು ಸಲೀಸು ಎಂದುಕೊಂಡೆ.

ಅಲ್ಲಿಗೆ ತೂಕದ ಮುಳ್ಳು ನಿಂತಿತು.

ಮುಂದಿನ ಸಲ ಎಪ್ಪತ್ತೈದು. ಅದರ ಮುಂದಿನ ಸಲವೂ ಎಪ್ಪತ್ತೈದು. ತೂಕ ಇಳಿಸುವವರಲ್ಲಿ ಇಂಥ ತಡೆ ಬರುವುದು ಹೊಸದಲ್ಲ. ಮೈ ಹಗುರಾದಷ್ಟೂ ಅದಕ್ಕೆ ಬೇಕಾಗುವ ಊಟವೂ ಕಡಿಮೆಯಾಗುತ್ತದೆ. ಮೊದಲು ಇಳಿಸಿದ ಅಳತೆ ಆಮೇಲೆ ಸಾಲುವುದಿಲ್ಲ. ಎರಡು ಮೂರು ವಾರ ಕಾಯುವುದು ವಾಡಿಕೆ, ಕಾದೆ. ಯಂತ್ರ ಕೆಟ್ಟಿದೆಯೇನೋ ಎಂದು ಪಕ್ಕದ ಹೋಟೆಲಿನಿಂದ ಅಕ್ಕಿ ಮೂಟೆ ತರಿಸಿ ಇಟ್ಟು ನೋಡಿದೆ, ಸರಿಯಾಗೇ ಇತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಉಪ್ಪು ಇಳಿಸಿದೆ, ಉಪ್ಪಿನಕಾಯಿ ನಿಲ್ಲಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಬೇಸಿಗೆ ಬೇರೆ, ಮದುವೆಗಳ ಕಾಲ, ಊರಲ್ಲಿ ದಿನಕ್ಕೊಂದು ಬೀಗರೂಟ. ನನ್ನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು.

“ಅಕ್ಕ, ಬೀಗರೂಟದಲ್ಲಿ ಎರಡು ತುಂಡು ಬಾಯಿಗೆ ಹಾಕಿಕೊಂಡರೂ ಹೇಳಿಬಿಡಿ. ನಾನೇನೂ ಬಯ್ಯಲ್ಲ.”

ಅಕ್ಕ ತೂಕದ ಯಂತ್ರದಿಂದ ಕೆಳಗಿಳಿದಳು. ಕಣ್ಣು ಕೆಂಪಾಯಿತು.

“ಕದ್ ತಿಂತೀನಿ ಅಂತೀರಾ ಮೇಡಂ? ನಮ್ ತಮ್ಮ ನೀರ್ಗೂ ಅಳತೆ ಇಟ್ಕೊಂಡು ಕುಡೀತಾವ್ನೆ, ನಾನು ಬಾಡು ತಿಂತಾ ಕೂತೀನಾ? ಅವ್ನ ಮೇಲಾಣೆ, ಊಟದ ಮನೆ ಒಸ್ಲು ತುಳಿದಿಲ್ಲ.”

ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ತೂಕ ಇಳಿಯುವುದಿಲ್ಲವಲ್ಲ. ತಿನ್ನುತ್ತಿಲ್ಲ ಎಂದಾದರೆ ಉಳಿದ ದಾರಿ ಒಂದೇ ಎನ್ನಿಸಿತು: ಇನ್ನೂ ಕಡಿಮೆ ಮಾಡುವುದು. ರಾತ್ರಿಯ ಮುದ್ದೆಯನ್ನು ಪೂರ್ತಿ ತೆಗೆದೆ, ಬದಲಿಗೆ ಮಜ್ಜಿಗೆ ಸೌತೆಕಾಯಿ. ಅರ್ಧ ಕೇಜಿ ಇಳಿಯಿತು. ನಾನು ಗೆದ್ದೆ ಎಂದುಕೊಂಡೆ. ಮುಂದಿನ ವಾರ ಅದೇ ಅರ್ಧ ಕೇಜಿ ವಾಪಸ್ಸು ಬಂದು ಕೂತಿತು.

ಒಂದು ದಿನ ಅಕ್ಕ ನನ್ನ ಕೋಣೆಗೆ ಬರುವ ಮೊದಲೇ ಬಸ್ ನಿಲ್ದಾಣದಲ್ಲಿ ತಲೆ ಸುತ್ತಿ ಕುಸಿದಳು. ಹೂವು ಮಾರುವ ಹೆಂಗಸರು ಹಿಡಿದು, ನೀರು ಚಿಮುಕಿಸಿ ಕೂರಿಸಿದ್ದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಇಳಿದುಬಿಟ್ಟಿದೆ. ಇಳಿಯಬೇಕಾದ್ದು ಇಳಿಯಲಿಲ್ಲ, ಇಳಿಯಬಾರದ್ದು ಇಳಿಯಿತು. ಮೈಸೂರಿನ ವೈದ್ಯರು ಫೋನಿನಲ್ಲಿ ಬಿರುಸಾಗಿ ಏನೂ ಹೇಳಲಿಲ್ಲ. ತೂಕ ಹೀಗೆ, ರಕ್ತ ಹೀಗೆ ಆದರೆ ಈಕೆಯಿಂದ ತೆಗೆದುಕೊಳ್ಳಲು ಆಗುವುದಿಲ್ಲ, ಬೇರೆ ಯಾರಾದರೂ ಇದ್ದಾರಾ ನೋಡಿ ಎಂದರು. ಬೇರೆ ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಅಕ್ಕ ತಮ್ಮನಿಗೆ ಇದನ್ನು ಹೇಗೆ ಹೇಳಲಿ ಎಂದು ಅತ್ತಳು. ನಾನೂ ಜೊತೆಗೆ ನಾಗಮಂಗಲಕ್ಕೆ ಹೋದೆ. ಆ ದಾರಿಯ ಬಸ್ಸು, ಕಿಟಕಿಯಾಚೆ ಒಣಗಿದ ಹೊಲಗಳು, ಅಲ್ಲಲ್ಲಿ ಕುರಿ ಮಂದೆ, ಎಲ್ಲ ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ. ತಮ್ಮ ಹಾಸಿಗೆಯಲ್ಲಿ ತೋಳು ಚಾಚಿ ಮಲಗಿದ್ದ. ಕೊಳವೆಯಲ್ಲಿ ಅವನ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು. ಮೂತ್ರ ಹೋಗುವುದು ನಿಂತೇ ಒಂದೂವರೆ ವರ್ಷವಾಗಿತ್ತು. ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತಿತ್ತು, ಹಾಗಾಗಿ ದಿನಕ್ಕೆ ಒಂದೆರಡು ಲೋಟ, ಅಷ್ಟೆ. ಅಕ್ಕನನ್ನು ನೋಡಿ ನಕ್ಕ.

“ಏನಕ್ಕ, ಇಂಗೆ ಸೊರಗ್ಬುಟ್ಟಿದ್ದೀಯ? ನನ್ ಪಕ್ಕದ ಮಂಚ ಕಾಲಿ ಅದೆ, ಬಂದ್ ಮನೀಕೊ.”

ಅಕ್ಕ ನಗಲಿಲ್ಲ. ವಿಷಯ ಹೇಳಿದಳು. ಅವನು ಸ್ವಲ್ಪ ಹೊತ್ತು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಬುಡಿ ಮೇಡಂ, ಸಾಕು. ಅವ್ಳಿಗೆ ಒಟ್ಟೆ ತುಂಬಾ ಇಟ್ಟಿಕ್ಕಿ. ನಾನೆಂಗೂ ಓಗೋನು, ಅವ್ಳನ್ನೂ ಯಾಕೆ ಸಾಯಿಸ್ತೀರಿ?” ಎಂದ. ‘ಇಟ್ಟು’ ಎಂದರೆ ನಮ್ಮ ಕಡೆ ಮುದ್ದೆ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೇ ರೇಗಿಹೋಯಿತು. ತಟ್ಟೆ ನೋಡಿದ್ದೇನೆ, ರಕ್ತ ನೋಡಿದ್ದೇನೆ, ಎಣ್ಣೆ ಡಬ್ಬಿಯ ಲೆಕ್ಕವನ್ನೂ ನೋಡಿದ್ದೇನೆ. ಈ ಹೆಂಗಸು ಬೆಳಗಿಂದ ಸಂಜೆಯವರೆಗೆ ಹೇಗೆ ಬದುಕುತ್ತಾಳೆ ಎಂದು ಒಂದು ದಿನವೂ ನೋಡಿಲ್ಲ. “ಅಕ್ಕ, ನಾಳೆ ನಿಮ್ಮನೆಗೆ ಬರ್ತೀನಿ,” ಎಂದೆ. “ಬನ್ನಿ ಮೇಡಂ,” ಎಂದಳು. ದನಿಯಲ್ಲಿ ಜೀವವಿರಲಿಲ್ಲ.

ಅಕ್ಕಿಹೆಬ್ಬಾಳಿಗೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋದೆ. ಹೇಮಾವತಿಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮನೆಯ ಮುಂದೆ ಎರಡು ಸೀಮೆ ಹಸು, ಒಂದು ಎಮ್ಮೆ, ಕರುಗಳು. ಅತ್ತೆ ಸೊಂಟ ಬಗ್ಗಿಸಿಕೊಂಡು ಕೊಟ್ಟಿಗೆ ಬಾಚುತ್ತಿದ್ದರು. ಗಂಡ ಹಾಲು ಕರೆಯುತ್ತಿದ್ದ. ಪಕ್ಕದ ಮನೆಯ ಹೆಂಗಸು ಕೊಡದಲ್ಲಿ ನೀರು ಹೊತ್ತು ತಂದು ತೊಟ್ಟಿಗೆ ಸುರಿಯುತ್ತಿದ್ದಳು. ಇವರೆಲ್ಲರ ನಡುವೆ ನಮ್ಮ ಅಕ್ಕ ಜಗುಲಿಯ ಮೇಲೆ, ಮಡಿಸಿದ ಕಂಬಳಿಯ ಮೇಲೆ, ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲಿಗೆ ಸಾಕ್ಸ್ ಹಾಕಿಕೊಂಡು ಗೋಡೆಗೊರಗಿ ಕೂತಿದ್ದಳು.

“ಇದೇನಕ್ಕ ಅವತಾರ? ಜ್ವರವಾ?”

ಉತ್ತರ ಕೊಟ್ಟವರು ಅತ್ತೆ. ಕೈತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ಹೆಮ್ಮೆಯಿಂದ ನಿಂತರು.

“ಜ್ವರ ಯಾಕೆ ಬತ್ತದೆ ಕಣವ್ವ, ನಾವಿಲ್ವಾ ನೋಡ್ಕಳಾಕೆ? ಯುಗಾದಿಯಿಂದ ಇಂದ್ಕೆ ಒಂದು ಉಲ್ಲುಕಡ್ಡಿ ಎತ್ತಾಕೆ ಬುಟ್ಟಿಲ್ಲ ಇವ್ಳ. ತಣ್ಣೀರು ಮುಟ್ಟಾಕಿಲ್ಲ, ಕಸ ಗುಡ್ಸಾಕಿಲ್ಲ, ಬಾಣ್ತಿ ನೋಡ್ಕಂಡಂಗೆ ನೋಡ್ಕತಾ ಇವ್ನಿ. ಸಂಜೆ ನೀವ್ ಯೋಳಿದ್ರಲ್ಲ ವಾಕು, ಅದೊಂದ್ಕೆ ಕಳುಸ್ತೀನಿ. ಅದ್ಕೂ ನಾನೇ ಇಂದೆ ಓಯ್ತೀನಿ, ಎಲ್ಲಾರ ಬಿದ್ಗಿದ್ದಾಳು ಅಂತ.”

ಅಯ್ಯೋ ದೇವರೇ ಎಂದು ಹಣೆಗೆ ಕೈ ಹಚ್ಚಿಕೊಂಡೆ. ಯುಗಾದಿಯಿಂದ! ಮುಳ್ಳು ನಿಂತದ್ದೂ ಯುಗಾದಿಯಿಂದ.

ಮೊದಲ ದಿನ ಬಂದಾಗ ಕೆಲಸ ಏನು ಮಾಡುತ್ತೀರಿ ಎಂದು ಕೇಳಿದ್ದೆ, “ಮನೆ ಕೆಲ್ಸ, ಅಸು ನೋಡ್ಕಳೋದು” ಎಂದಿದ್ದಳು. ಅಷ್ಟಕ್ಕೆ ಬಿಟ್ಟಿದ್ದೆ. ಈಗ ಜಗುಲಿಯ ಮೇಲೆ ಅವಳ ಪಕ್ಕ ಕೂತು ಬಿಡಿಸಿ ಬಿಡಿಸಿ ಕೇಳಿದೆ. ಯುಗಾದಿಗೆ ಮೊದಲು ಕತ್ತಲಿರುವಾಗಲೇ ಎದ್ದು ಕೊಟ್ಟಿಗೆ ಬಾಚಿ, ಮಂಕರಿಯಲ್ಲಿ ಸಗಣಿ ಹೊತ್ತು ತಿಪ್ಪೆಗೆ ಹಾಕುತ್ತಿದ್ದಳು. ಹಾಲು ಕರೆದು ಡೈರಿಗೆ ಕೊಂಡೊಯ್ಯುತ್ತಿದ್ದಳು. ಗದ್ದೆ ಬದುವಿನಲ್ಲಿ ಹುಲ್ಲು ಕೊಯ್ದು ತಲೆ ಮೇಲೆ ಹೊರೆ ಹೊತ್ತು ತರುತ್ತಿದ್ದಳು, ಬೆಳಿಗ್ಗೆ ಒಂದು, ಸಂಜೆ ಒಂದು. ಹಸುಗಳಿಗೆ ನೀರು, ಹಿಂಡಿ, ಮೈ ತೊಳೆಯುವುದು. ಕೂರಲು ಬಿಡುವಿರುತ್ತಿರಲಿಲ್ಲ. ಅದೆಲ್ಲದರ ಮೇಲೆ ನನ್ನ ನಡಿಗೆ. ಈಗ ಅದೆಲ್ಲ ಹೋಗಿ ನನ್ನ ನಡಿಗೆಯೊಂದೇ ಉಳಿದಿತ್ತು. ದಿನವಿಡೀ ದುಡಿಯುತ್ತಿದ್ದ ಮೈಯನ್ನು ಗೋಡೆಗೊರಗಿಸಿ, ಮೇಲಿಂದ ಊಟವನ್ನೂ ಕಿತ್ತುಕೊಂಡು, ಇಳಿ ಇಳಿ ಎಂದು ನಾನು ಗದರುತ್ತಿದ್ದೆ. ಅದು ಪಾಪ ಎಲ್ಲಿಂದ ಇಳಿದೀತು? ಇದ್ದದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿತ್ತು.

ಕೊಟ್ಟಿಗೆಯ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ನನಗೆ ನಮ್ಮಮ್ಮ ಕಣ್ಣ ಮುಂದೆ ಬಂದರು. ನಾನು ಬೆಳೆದದ್ದು ಪಾಂಡವಪುರದಲ್ಲಿ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತ ರಸ್ತೆಯಲ್ಲಿ ನಮ್ಮಮ್ಮ ಎಮ್ಮೆಗೆ ಕಬ್ಬಿನ ಸೋಗೆ ಹೊತ್ತು ತರುತ್ತಿದ್ದರು. ತಲೆ ಮೇಲಿನ ಸೋಗೆ ಅಲುಗಾಡುವ ಚಂದಕ್ಕೆ ದೂರದಿಂದಲೇ ಅಮ್ಮ ಬಂದರು ಎಂದು ನಮಗೆ ಗೊತ್ತಾಗುತ್ತಿತ್ತು. ಅವರು ಒಂದು ಹೊತ್ತಿಗೆ ಉಣ್ಣುತ್ತಿದ್ದ ಮುದ್ದೆಯನ್ನು ನಾನು ಈಗ ಯಾರಿಗಾದರೂ ಎರಡು ದಿನಕ್ಕೆ ಹಂಚಿ ಕೊಡುತ್ತೇನೆ. ಕೊನೆಯವರೆಗೂ ಕಡ್ಡಿಯ ಹಾಗೇ ಇದ್ದರು. ಅಮ್ಮನ ಪಕ್ಕದಲ್ಲಿ ಕೂತು ಉಂಡು ಬೆಳೆದವಳಿಗೆ ಇದು ಹೊಳೆಯಲು ಅಕ್ಕಿಹೆಬ್ಬಾಳಿಗೆ ಬರಬೇಕಾಯಿತು.

ನಿರ್ಧಾರ ಅಲ್ಲೇ ಮಾಡಿದೆ. ಕಿತ್ತುಕೊಂಡ ಊಟ ವಾಪಸ್ಸು ಕೊಡುವುದು: ರಾತ್ರಿಯ ಮುದ್ದೆ, ಮೊಟ್ಟೆ, ಮೊಳಕೆ ಹುರುಳಿ, ದಂಟಿನ ಸೊಪ್ಪು, ರಕ್ತಕ್ಕೆ ವೈದ್ಯರು ಬರೆದ ಮಾತ್ರೆ. ಜೊತೆಗೆ ಹಸುಗಳನ್ನೂ ವಾಪಸ್ಸು ಕೊಡುವುದು. ಊಟ ಹೆಚ್ಚಿಸಿ ತೂಕ ಇಳಿಸುತ್ತೇನೆಂದು ಹೊರಡುವುದು ನನಗೂ ಎದೆ ನಡುಗಿಸುವ ಕೆಲಸವೇ. ಇಲ್ಲಿಂದ ಮುಂದೆ ತಪ್ಪಿದರೆ ತಮ್ಮನಿಗೆ ಇನ್ನೊಂದು ಅವಕಾಶವಿಲ್ಲ.

ಅಕ್ಕ ತಕ್ಷಣ ತಲೆಯ ಬಟ್ಟೆ ಬಿಚ್ಚಿ ಎಸೆದಳು. ಕೂತು ಕೂತು ಅವಳಿಗೂ ಸಾಕಾಗಿತ್ತು. ಅತ್ತೆ ಮಾತ್ರ ಅಡ್ಡ ಬಂದರು.

“ಆಗಾಕಿಲ್ಲ ಅಂದ್ರೆ ಆಗಾಕಿಲ್ಲ. ಕಿಡ್ನಿ ಕೊಡಾಕೆ ಒಂಟಿರೋ ಸೊಸೆ ಕೈಲಿ ಸಗಣಿ ಬಾಚುಸ್ತಾವ್ಳೆ ಮುದ್ಕಿ ಅಂತ ಬೀದಿ ಜನ ನನ್ ಮಕಕ್ಕೆ ಉಗಿಯಾಕಿಲ್ವಾ? ನೀವೇನೋ ಓದಿರೋರು, ಯೋಳ್ಬುಟ್ಟು ಬಸ್ ಅತ್ಕೊಂಡು ಓಯ್ತೀರಿ.”

ನಾನು ಕ್ಯಾಲೊರಿ ಲೆಕ್ಕ ಹೇಳಿದೆ. ಮುಖ ತಿರುಗಿಸಿದರು. ವೈದ್ಯರ ಹೆಸರು ಹೇಳಿ ಹೆದರಿಸಿದೆ. “ಯೋಳ್ಲಿ ಬುಡು” ಎಂದರು. ಗಂಡ ಹಾಲಿನ ಕ್ಯಾನು ಹಿಡಿದು ಮೆಲ್ಲಗೆ ಡೈರಿ ಕಡೆ ಜಾರಿಕೊಂಡ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನನ್ನ ಬಾಯಿಗೆ ನಮ್ಮಮ್ಮನ ಮಾತುಗಳೇ ಬರುವುದು.

“ಅವ್ವಾ, ಒಂದು ಮಾತು ಕೇಳ್ತೀನಿ. ನಿಮಗೆಷ್ಟು ಮಕ್ಕಳು?”

“ಐದು. ಯಾಕೆ?”

“ತುಂಬಿದ ಬಸುರಿಯಾಗಿದ್ದಾಗ ಜಗುಲಿ ಮೇಲೆ ಕೂತಿದ್ದಿರಾ?”

“ಕೂತ್ಕಳೋದಾ! ಕಳೆ ಕೀಳ್ತಾ ಕೀಳ್ತಾ ನೋವು ಬಂತು, ಅಂಗೇ ಮನೆಗ್ ಬಂದು ಎತ್ತೆ ನಮ್ ದೊಡ್ಡೋನ. ಕೆಲ್ಸ ಮಾಡ್ದಷ್ಟೂ ಎರಿಗೆ ಸಲೀಸು ಕಣವ್ವ. ಕೂತ್ಕಂಡ್ರೆ ಮಗ ಅಡ್ಡ ನಿಂತ್ಕತದೆ.”

“ಮತ್ತೆ ಇವಳು ಇನ್ನೂ ಹೆತ್ತಿದ್ದಾಳಾ? ಆಪರೇಷನ್ನೇ ಹೆರಿಗೆ ಅಂದುಕೊಳ್ಳಿ. ಅದಾದ ಮೇಲೆ ನೀವು ಬಾಣಂತನ ಮಾಡಿ, ಮೂರು ತಿಂಗಳು ಮಾಡಿ, ಬೇಡ ಅನ್ನೋರು ಯಾರು? ಆಗ ಬೇಕೇ ಬೇಕು. ಹೆರೋಕೆ ಮುಂಚೆನೇ ಬಾಣಂತನ ಮಾಡೋರನ್ನ ಎಲ್ಲಾದರೂ ನೋಡಿದ್ದೀರಾ?”

ಮುದುಕಿ ಸೊಸೆಯ ಕಡೆ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ ಬೊಚ್ಚು ಬಾಯಿ ಅಗಲಿಸಿ ಅದೇನು ನಗು ನಕ್ಕರೋ, ನೀರಿನ ಕೊಡ ಹೊತ್ತ ಪಕ್ಕದ ಮನೆಯವಳೂ ನಿಂತು ನಗತೊಡಗಿದಳು.

“ಇದೇನವ್ವ ನನ್ ಬುದ್ದಿಗೆ ಮಂಕು ಬಡೀತು! ನಾನೇ ಐದು ಎತ್ತೋಳು... ಏಳವ್ವ ಏಳು. ಓಗು, ಮಂಕರಿ ತಕೊ. ಬೀದೀಲಿ ಯಾರಾರ ಕೇಳುದ್ರೆ ನಾನ್ ಯೋಳ್ಕತೀನಿ, ನಮ್ ಉಡ್ಗಿ ಬಸ್ರಿ ಅಂತ.”

ಅಕ್ಕ ಸೀರೆ ಎತ್ತಿ ಕಟ್ಟಿ ಕೊಟ್ಟಿಗೆಗೆ ಇಳಿದಳು. ಎಮ್ಮೆ ಅವಳ ದನಿ ಕೇಳಿ ಕಿವಿ ಆಡಿಸಿತು.

ಕಥೆ ಇಲ್ಲಿಗೆ ಸುಖವಾಗಲಿಲ್ಲ. ತಲೆಸುತ್ತು ಹೋಗುವವರೆಗೆ ಹಗುರ ಕೆಲಸ, ರಕ್ತ ಸುಧಾರಿಸಿದ ಹಾಗೆ ಹುಲ್ಲಿನ ಹೊರೆ ಎಂದು ಹಂತ ಮಾಡಿಕೊಟ್ಟಿದ್ದೆ. ಮುಂದಿನ ಸಲ ಅಕ್ಕ ಯಂತ್ರ ಹತ್ತಿದಾಗ ಮುಳ್ಳು ಕೊನೆಗೂ ಅಲ್ಲಾಡಿತು. ಮೇಲಕ್ಕೆ! ಎಪ್ಪತ್ತಾರು ದಾಟಿತ್ತು. ಊಟ ಹೆಚ್ಚಾದಾಗ, ಬಿಟ್ಟ ಕೆಲಸ ಮತ್ತೆ ಹಿಡಿದು ಮೈಕೈ ನೋಯುವಾಗ, ಮೈ ನೀರು ಹಿಡಿದುಕೊಳ್ಳುತ್ತದೆ. ಅದು ನನಗೆ ಗೊತ್ತು. ಗೊತ್ತಿದ್ದರೂ ಅಂಕಿಯನ್ನು ಎರಡೆರಡು ಸಲ ನೋಡಿದೆ. ಸೊಂಟಕ್ಕೆ ಟೇಪು ಹಿಡಿದೆ. ಸುತ್ತಳತೆ ಹೆಚ್ಚಿರಲಿಲ್ಲ, ಬೆರಳಗಲ ಕಡಿಮೆಯೇ ಆಗಿತ್ತು. ಆ ಬೆರಳಗಲವನ್ನು ನಂಬಿಕೊಂಡು ಹೇಳಿದೆ, “ಅಕ್ಕ, ಇನ್ನೊಂದು ತಿಂಗಳು ನೀವು ಈ ಯಂತ್ರ ಹತ್ತಬೇಡಿ. ರಕ್ತಪರೀಕ್ಷೆಗೆ ಮಾತ್ರ ಬನ್ನಿ.”

ಆ ತಿಂಗಳು ನಾನು ಪಟ್ಟ ಸಂಕಟ ನನಗೇ ಗೊತ್ತು. ಶ್ರೀರಂಗಪಟ್ಟಣದಲ್ಲಿ ಬೆಳಿಗ್ಗೆ ಹೊಳೆ ದಡದಲ್ಲಿ ನಡೆಯುವಾಗಲೂ ಅದೇ ಯೋಚನೆ. ಅಕ್ಕ ಬರುವ ದಿನ ಯಂತ್ರಕ್ಕೆ ಬಟ್ಟೆ ಮುಚ್ಚಿಡುತ್ತಿದ್ದೆ. ಅವಳು ಹತ್ತುತ್ತಾಳೆ ಎಂದಲ್ಲ, ನಾನೇ ತಡೆಯಲಾರದೆ ಹತ್ತಿಸಿಬಿಟ್ಟೇನು ಎಂದು. ರಕ್ತ ಮೇಲೇರುತ್ತಿತ್ತು. ಮುಖದಲ್ಲಿ ಕಳೆ ಬಂದಿತ್ತು, ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದಳು. ಹುಲ್ಲಿನ ಕಥೆ, ಎಮ್ಮೆಯ ಕಥೆ, ಅತ್ತೆ ಬೀದಿಯಲ್ಲಿ ಜಗಳವಾಡಿದ ಕಥೆ ಹೇಳುತ್ತಾ ಕೂರುತ್ತಿದ್ದಳು. ನನ್ನ ಕೆಲಸದ ದಿನಗಳಲ್ಲಿ ನಾನು ಕಾದು ಕೂತು ಮಾತು ಕೇಳಿದ್ದು ಅವಳದೊಬ್ಬಳದೇ ಇರಬೇಕು.

ತಿಂಗಳು ಮುಗಿದ ದಿನ ಅತ್ತೆಯೂ ಜೊತೆಗೆ ಬಂದರು. ಮೆಟ್ಟಿಲನ್ನು ಶಪಿಸುತ್ತಾ ಹತ್ತಿ ಬಂದು ಗೋಡೆ ಹಿಡಿದು ನಿಂತರು. ಅಕ್ಕ ತೂಕದ ಸೀರೆಯುಟ್ಟು, ಕಣ್ಣು ಮುಚ್ಚಿ ಯಂತ್ರ ಹತ್ತಿದಳು. ನಾನು ಬಗ್ಗಿ ನೋಡಿದೆ. ಎಪ್ಪತ್ತೆರಡೂವರೆ.

“ಎಷ್ಟವ್ವ? ಬಾಯ್ ಬುಡು!” ಎಂದು ಅತ್ತೆ ಕೂಗಿದರು. ನಾನು ಹೇಳಲಿಲ್ಲ, ಅಕ್ಕನನ್ನು ತಬ್ಬಿಕೊಂಡೆ. ಯಾವ ರೋಗಿಯನ್ನೂ ಹಾಗೆ ತಬ್ಬಿದ್ದಿಲ್ಲ.

ಆಮೇಲಿನದು ನಿಧಾನದ ಇಳಿಜಾರು. ಮಳೆ ಹಿಡಿದು ಹುಲ್ಲು ಸೊಂಪಾಗಿ ಬೆಳೆದು, ಹೊರೆಗಳು ದೊಡ್ಡದಾದವು. ಗೌರಿ ಹಬ್ಬಕ್ಕೆ ತಮ್ಮ ತಾನೇ ಬಾಗಿನ ಹೊತ್ತು ತರಲಾಗದೆ ಹೆಂಡತಿಯ ಕೈಲಿ ಕಳಿಸಿದ. ಅದನ್ನು ಕಣ್ಣಿಗೊತ್ತಿಕೊಂಡು ಇಟ್ಟೆ ಎಂದು ಅಕ್ಕ ಹೇಳಿದ ವಾರವೇ ತೂಕ ಎಪ್ಪತ್ತರ ಕೆಳಗೆ ಬಂತು. ರಕ್ತವೂ ಸರಿಯಾಗಿತ್ತು. ಮೈಸೂರಿನ ವೈದ್ಯರು ಈ ಸಲ ಫೋನಿನಲ್ಲಿ ನಕ್ಕರು, ಏನು ಮಾಡಿದಿರಿ ಎಂದು ಕೇಳಿದರು. ಊಟ ಜಾಸ್ತಿ ಮಾಡಿದೆ ಸಾರ್, ಸಗಣಿ ಬಾಚಿಸಿದೆ ಎಂದೆ.

ಆಪರೇಷನ್‌ಗೆ ಮೊದಲು ದಾನಿಯನ್ನು ಒಬ್ಬಳನ್ನೇ ಕೂರಿಸಿ ವಿಚಾರಿಸುತ್ತಾರೆ. ಯಾರ ಒತ್ತಾಯವೂ ಇರಬಾರದು. ನಿಮಗೆ ಮನೆಯಲ್ಲಿ ಯಾರಾದರೂ ಬಲವಂತ ಮಾಡಿದ್ದಾರಾ ಎಂದು ಕೇಳಿದರಂತೆ. ಅಕ್ಕ ಯೋಚಿಸಿ, “ಊ ಕಣ್ ಸಾರ್. ನಮ್ಮತ್ತೆ ಬಲವಂತ ಮಾಡಿ ಜಗುಲಿ ಮೇಲೆ ಕೂರ್ಸಿದ್ರು. ಬುಡುಸ್ಕೊಳೋಕೆ ಸಾಕಾಗೋಯ್ತು” ಎಂದಳಂತೆ. ವಿಚಾರಿಸುವವರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರಂತೆ.

ಆಪರೇಷನ್ ದಿನ ನನಗೆ ಪಾಂಡವಪುರದಲ್ಲಿ ಕೆಲಸ. ಯಾರಿಗೆ ಏನು ಪಥ್ಯ ಹೇಳಿದೆನೋ ಒಂದೂ ನೆನಪಿಲ್ಲ. ಮಧ್ಯಾಹ್ನವಾದರೂ ಫೋನು ಬರಲಿಲ್ಲ. ಬೇಗ ಮುಗಿಸಿ ಶ್ರೀರಂಗಪಟ್ಟಣದ ಬಸ್ಸು ಹತ್ತಿ, ಒಬ್ಬ ವಯಸ್ಸಾದ ಹೆಂಗಸಿನ ಪಕ್ಕ ಕೂತೆ. ಬಸ್ಸು ಊರು ದಾಟುತ್ತಿದ್ದಂತೆ ಫೋನು ಬಡಿದುಕೊಂಡಿತು. ಅತ್ತೆಯ ದನಿ. ಮೈಸೂರಿನಿಂದ ಫೋನಿಲ್ಲದೆಯೇ ಕೇಳುವಷ್ಟು ಜೋರಾಗಿ ಕೂಗುತ್ತಿದ್ದರು.

“ಉಯ್ದ ಕಣವ್ವಾ! ಉಯ್ದ! ನಮ್ ಉಡ್ಗಿ ಕಿಡ್ನಿ ಅಲ್ಲಿಗೋಗುತ್ಲೂವೆ ಕೆಲ್ಸಕ್ಕಿಳೀತಂತೆ. ಚೀಲ ತುಂಬ್ತಾ ಅದಂತೆ!”

“ಅಕ್ಕ? ಅಕ್ಕ ಹೇಗಿದ್ದಾಳೆ?”

“ಕಣ್ ಬುಟ್ಟವ್ಳೆ. ಕಣ್ ಬುಟ್ಟೇಟ್ಗೆ ನನ್ನೂ ಕೇಳ್ಲಿಲ್ಲ, ಗಂಡನ್ನೂ ಕೇಳ್ಲಿಲ್ಲ. ‘ಉಯ್ದನಾ?’ ಅಂತವ್ಳೆ!”

ಫೋನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ತುಂಬಿದ ಬಸ್ಸು, ಕಂಡಕ್ಟರ್ ಟಿಕೇಟು ಕೇಳುತ್ತಾ ನಿಂತಿದ್ದಾನೆ, ನನಗೆ ಯಾವುದರ ಪರಿವೆಯೂ ಇಲ್ಲ. ಪಕ್ಕದ ಹೆಂಗಸು ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡರು.

“ಯಾಕವ್ವ? ಯಾರಾರ ಓಗ್ಬುಟ್ರಾ?”

“ಇಲ್ಲ ಅಜ್ಜಿ. ನಮ್ಮ ಅಕ್ಕನ ತಮ್ಮ... ಉಚ್ಚೆ ಹೊಯ್ದ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಹುಚ್ಚಿಯೋ ಏನೋ ಎಂದು ತೂಗುತ್ತಿದ್ದಿರಬೇಕು. ಆಮೇಲೆ ಮೆಲ್ಲಗೆ ಕೇಳಿದರು, “ಎಷ್ಟ್ ದಿನಕ್ಕವ್ವ?”

“ಎರಡು ವರ್ಷ ಆಗ್ತಾ ಬಂದಿತ್ತು.”

“ಅಯ್ಯೋ ಸಿವ್ನೆ,” ಎಂದು ಅಜ್ಜಿ ಸೆರಗಿನ ತುದಿಯಿಂದ ತಮ್ಮ ಕಣ್ಣೊರೆಸಿಕೊಂಡರು.